ಪಾಲಿಕೆ ಚುನಾವಣೆ ಬಂತು ಅಂತಾರೆ: ಐದು ವರ್ಷ ಯಾಕೆ ನಡೆಯಲಿಲ್ಲ, ಈಗ ಗೆದ್ದವರ ಕೈಯಲ್ಲಿ ಏನಿರುತ್ತದೆ?

ಹಳೇಪೇಟೆ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಐದು ಹೊಸ ಪಾಲಿಕೆಗಳ ಚುನಾವಣೆಯನ್ನು ಜೂನ್ 30, 2026ರೊಳಗೆ ಮುಗಿಸಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದೇ ತಡ, ಫ್ಲೆಕ್ಸ್‌ಗಳು ಶುರುವಾಗಿವೆ. ಮೇಲೆ ನಾಯಕರು, ಮಧ್ಯೆ ಶಾಸಕರು, ಕೆಳಗೆ ಕೈಮುಗಿದ ಟಿಕೆಟ್ ಆಕಾಂಕ್ಷಿ. ಹಬ್ಬ ಯಾವುದಾದರೂ ಸರಿ, ಶುಭಾಶಯ ಮಾತ್ರ ತಪ್ಪುವುದಿಲ್ಲ.

ಯಾರಿಗೆ ವೋಟು ಹಾಕಬೇಕು ಅಂತ ನಾನು ಕೇಳುತ್ತಿಲ್ಲ. ದಯವಿಟ್ಟು ಅದನ್ನು ಇಲ್ಲಿ ತರಬೇಡಿ. ಹಿನ್ನೆಲೆ ಬೇಕು. ಹಿಂದಿನ ಕೌನ್ಸಿಲ್ ಅವಧಿ ಸೆಪ್ಟೆಂಬರ್ 10, 2020ಕ್ಕೆ ಮುಗಿಯಿತು. ಒಂದು ಪೂರ್ತಿ ಅವಧಿಯೇ ಕಾರ್ಪೊರೇಟರ್ ಇಲ್ಲದೆ ಹೋಯಿತು. ಬಿಬಿಎಂಪಿ (ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ) ಅನ್ನುವ ಹೆಸರೂ ಹೋಗಿ ಜಿಬಿಎ (ಗ್ರೇಟರ್ ಬೆಂಗಳೂರು ಪ್ರಾಧಿಕಾರ) ಬಂತು. ಇದರಲ್ಲಿ ಕೋರ್ಟ್ ಪಾತ್ರ ಏನು, ಸರ್ಕಾರದ್ದು ಏನು, ಸುಮ್ನೆ ನಡೆದ ತಡ ಎಷ್ಟು? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಸುಮ್ನೆ ಒಂದು ಮಾತು
ಸುಮ್ನೆ ನಡೆದ ತಡ ಅಂತ ಒಂದೇ ಒಂದು ದಿನವೂ ಇಲ್ಲ. ಎಲ್ಲವೂ ಮಾಡಿದ ತಡ.

ಕಂದಾಯ ಬಡಾವಣೆ
ಮೇಲಿನವರು ಒಂದೇ ಸಾಲಲ್ಲಿ ಹೇಳಿಬಿಟ್ಟರು. ನಾನು ಉದ್ದಕ್ಕೆ ಹೇಳುತ್ತೇನೆ.

2020ರಿಂದ ಶುರು ಮಾಡಿದರೆ ಇದು ಒಂದು ಪಕ್ಷದ ಕಥೆ ಅನ್ನಿಸುತ್ತದೆ. ಅದಕ್ಕೆ 2006ಕ್ಕೆ ಹೋಗಬೇಕು. ಆಗ ಇದ್ದದ್ದು 100 ವಾರ್ಡ್‌ಗಳ ಬೆಂಗಳೂರು ಮಹಾನಗರ ಪಾಲಿಕೆ. ಆ ಕೌನ್ಸಿಲ್ ಅವಧಿ 2006ರ ನವೆಂಬರ್‌ನಲ್ಲಿ ಮುಗಿಯಿತು. ಜನವರಿ 2007ರಲ್ಲಿ ಏಳು ನಗರಸಭೆ (ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ, ಕೆ.ಆರ್.ಪುರ, ಮಹದೇವಪುರ, ಬೊಮ್ಮನಹಳ್ಳಿ, ರಾಜರಾಜೇಶ್ವರಿನಗರ), ಕೆಂಗೇರಿ ಪುರಸಭೆ, ಜೊತೆಗೆ ನೂರಕ್ಕೂ ಜಾಸ್ತಿ ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರು. ಊರು ದೊಡ್ಡದಾಯಿತು, ವಾರ್ಡ್ ಹೊಸದಾಗಿ ಮಾಡಬೇಕು, ಅದಕ್ಕೆ ಸಮಯ ಬೇಕು ಅಂದರು. ಚುನಾವಣೆ ನಡೆದದ್ದು ಮಾರ್ಚ್ 28, 2010ಕ್ಕೆ. ಅಲ್ಲಿಗೆ ಮೂರು ವರ್ಷ ದಾಟಿತ್ತು. ಈ ಮಧ್ಯೆ ಜೆಡಿಎಸ್-ಬಿಜೆಪಿ ಸರ್ಕಾರ, ರಾಷ್ಟ್ರಪತಿ ಆಳ್ವಿಕೆ, ಬಿಜೆಪಿ ಸರ್ಕಾರ ಎಲ್ಲ ಬಂದು ಹೋದವು. ಯಾರಿಗೂ ಅವಸರ ಇರಲಿಲ್ಲ.

2010ರಲ್ಲಿ 198 ವಾರ್ಡ್. ಬಿಜೆಪಿಗೆ 111. ಮುಂದಿನ ಚುನಾವಣೆ 2015ರ ಏಪ್ರಿಲ್ ಹೊತ್ತಿಗೆ ಆಗಬೇಕಿತ್ತು. ಅಷ್ಟರಲ್ಲಿ ಕಾಂಗ್ರೆಸ್ ಸರ್ಕಾರ ಬಂದಿತ್ತು. ಅವಧಿ ಮುಗಿಯಲು ಕೆಲವೇ ದಿನ ಇರುವಾಗ ಕೌನ್ಸಿಲ್ ವಿಸರ್ಜಿಸಿ, ಅದರ ಜಾಗದಲ್ಲಿ ಸರ್ಕಾರವೇ ನೇಮಿಸುವ ಆಡಳಿತಾಧಿಕಾರಿಯನ್ನು ಕೂರಿಸಿದರು. ಬಿಬಿಎಂಪಿ ಒಡೆಯುವ ಮಸೂದೆಯನ್ನೂ ತಂದರು. ಅದು ಆಗ ಕಾನೂನಾಗಲಿಲ್ಲ. ಕೋರ್ಟ್ ಒತ್ತಡದಿಂದ ಆಗಸ್ಟ್ 22, 2015ಕ್ಕೆ ಮತದಾನ ನಡೆಯಿತು.

ಅಂದರೆ 2020ರಲ್ಲಿ ಆಗಿದ್ದು ಮೂರನೇ ಸಲ. ದಾರಿ ಎಲ್ಲರಿಗೂ ಬಾಯಿಪಾಠ ಆಗಿತ್ತು: ಕೌನ್ಸಿಲ್ ಅವಧಿ ಮುಗಿಯುವ ಹೊತ್ತಿಗೆ ಗಡಿ ಮುಟ್ಟು. ಗಡಿ ಮುಟ್ಟಿದರೆ ವಾರ್ಡ್ ಮರುವಿಂಗಡಣೆ. ಮರುವಿಂಗಡಣೆ ಆದರೆ ಹೊಸ ಮೀಸಲಾತಿ. ಮೀಸಲಾತಿ ಬಂದರೆ ಕೋರ್ಟ್ ಕೇಸ್. ಕೇಸ್ ಇದ್ದರೆ ಆಡಳಿತಾಧಿಕಾರಿ.

ಕೆರೆಕೋಡಿ
ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಿದರೆ ಹೇಗೆ? 2022ರಲ್ಲಿ ಬಿಜೆಪಿ ಸರ್ಕಾರ 243 ವಾರ್ಡ್ ಮಾಡಿ, ಅಂತಿಮ ಅಧಿಸೂಚನೆ ಹೊರಡಿಸಿ, ಮೀಸಲಾತಿ ಪಟ್ಟಿಯನ್ನೂ ಕೊಟ್ಟಿತ್ತು. ಚುನಾವಣೆಗೆ ಹೋಗಲು ತಯಾರಿತ್ತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಅದನ್ನು ಬಿಟ್ಟು 225 ಮಾಡಿದವರು ಯಾರು? ಆ 225ನ್ನೂ ಬಿಟ್ಟು 369 ಮಾಡಿದವರು ಯಾರು?

ಮಾಗಡಿ ರಸ್ತೆ
ತಯಾರಿತ್ತು ಅಂತೆ! 2020ರ ಡಿಸೆಂಬರ್‌ನಲ್ಲಿ ಹೈಕೋರ್ಟ್ 198 ವಾರ್ಡ್‌ಗೇ ಚುನಾವಣೆ ಮಾಡಿ ಅಂದಾಗ ಸುಪ್ರೀಂ ಕೋರ್ಟ್‌ಗೆ ಓಡಿ ತಡೆ ತಂದದ್ದು ಯಾವ ಸರ್ಕಾರ? ಅದೇ ತಿಂಗಳು ಬಿಬಿಎಂಪಿ ಕಾಯ್ದೆ ಪಾಸ್ ಮಾಡಿ 243 ಅಂದದ್ದು ಯಾರು? ಆಮೇಲೆ ಒಂದೂವರೆ ವರ್ಷ ಏನು ಮಾಡುತ್ತಿದ್ದರು? 2022ರ ಮೇ ತಿಂಗಳಲ್ಲಿ ಎಂಟು ವಾರದಲ್ಲಿ ಮರುವಿಂಗಡಣೆ ಮುಗಿಸಿ ಅಂತ ಸುಪ್ರೀಂ ಕೋರ್ಟ್ ಗಡುವು ಕೊಟ್ಟ ಮೇಲೆಯೇ ಜುಲೈನಲ್ಲಿ 243ರ ಪಟ್ಟಿ ಹೊರಬಿತ್ತು. ಮೀಸಲಾತಿ ಪಟ್ಟಿಯಂತೂ ಹೇಗಿತ್ತು ಅಂದರೆ ಸೆಪ್ಟೆಂಬರ್ 30, 2022ಕ್ಕೆ ಹೈಕೋರ್ಟೇ ಅದನ್ನು ರದ್ದು ಮಾಡಿತು. ಆ ವರ್ಷದ ಕೊನೆಯೊಳಗೆ ಚುನಾವಣೆ ಮುಗಿಸಿ ಅಂತಲೂ ಹೇಳಿತು. ಮುಗಿಯಿತಾ?

ಕಂದಾಯ ಬಡಾವಣೆ
ನೀವಿಬ್ಬರೂ ಹೇಳಿದ್ದು ಸರಿ. ಎರಡನ್ನೂ ಒಟ್ಟಿಗೆ ಓದಿದರೆ ನಾನು ಹೇಳಿದ್ದೇ ಆಗುತ್ತದೆ.

ಒಂದು ಸೇರಿಸುತ್ತೇನೆ. 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಸ್ಥಳೀಯ ಸಂಸ್ಥೆಗಳ ಕೇಸ್‌ನಲ್ಲಿ ಸುಪ್ರೀಂ ಕೋರ್ಟ್ ಖಡಕ್ಕಾಗಿ ಹೇಳಿತ್ತು, ಮರುವಿಂಗಡಣೆ ನಡೀತಿದೆ ಅನ್ನುವ ನೆಪಕ್ಕೆ ಚುನಾವಣೆ ನಿಲ್ಲಿಸುವ ಹಾಗಿಲ್ಲ ಅಂತ. ಸಂವಿಧಾನದ 243ಯು ವಿಧಿಯಲ್ಲಿ ಪಾಲಿಕೆ ಅವಧಿ ಐದೇ ವರ್ಷ, ಅದು ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು ಅಂತ ಸ್ಪಷ್ಟವಾಗಿದೆ. ಅದು ನಗರ ಸ್ಥಳೀಯ ಸಂಸ್ಥೆಗಳಿಗೆ ಸಂವಿಧಾನದಲ್ಲೇ ಸ್ಥಾನ, ಅಧಿಕಾರ ಕೊಡಲು ತಂದ 74ನೇ ತಿದ್ದುಪಡಿಯಿಂದ ಬಂದದ್ದು. ಇಷ್ಟಿದ್ದೂ ಐದು ವರ್ಷ ಕಳೆಯಿತು. ಯಾಕೆಂದರೆ ಅವಧಿ ಮೀರಿಸಿದ ಸರ್ಕಾರಕ್ಕೆ ಶಿಕ್ಷೆ ಅಂತ ಏನೂ ಇಲ್ಲ. ಪ್ರತಿ ಸಲ ಹೊಸ ದಿನಾಂಕ ಸಿಗುತ್ತದೆ, ಅಷ್ಟೇ.

ಮುಂಬೈನಲ್ಲೂ ಇದೇ ಕಥೆ ನಡೆಯಿತು. ಅಲ್ಲಿನ ಪಾಲಿಕೆ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದರೂ ಮತದಾನ ಆಗಿದ್ದು 2026ರ ಜನವರಿಯಲ್ಲಿ. ಹಾಗಾಗಿ ಇದು ನಮ್ಮೂರಿನ ಸ್ಪೆಷಲ್ ರೋಗ ಅಂದುಕೊಳ್ಳಬೇಡಿ.

ಐಟಿಪಿಎಲ್ ಬಸ್
ಹೊಸಬನ ಪ್ರಶ್ನೆ, ಬೈಯಬೇಡಿ. ಕಾರ್ಪೊರೇಟರ್ ಇಲ್ಲದಿದ್ದರೆ ಶಾಸಕರಿಗೆ ಏನು ಲಾಭ? ಕೆಲಸ ಜಾಸ್ತಿ ಆಗುತ್ತದೆ ಅಲ್ವಾ?

ವಾರ್ಡ್ ಸಭೆ
ಕೆಲಸದ ಜೊತೆ ಅಧಿಕಾರವೂ ಜಾಸ್ತಿ ಆಗುತ್ತದಲ್ಲ! ಬೆಂಗಳೂರಿನಲ್ಲಿ 28 ವಿಧಾನಸಭಾ ಕ್ಷೇತ್ರ. 198 ವಾರ್ಡ್ ಇದ್ದಾಗ ಒಂದು ಕ್ಷೇತ್ರಕ್ಕೆ ಸರಾಸರಿ ಏಳು ಕಾರ್ಪೊರೇಟರ್. ರಸ್ತೆ, ಚರಂಡಿ, ಪಾರ್ಕ್, ಬೀದಿದೀಪ ಅಂತ ದುಡ್ಡು ಬಂದಾಗ ಅದನ್ನು ಎಲ್ಲಿ ಹಾಕಬೇಕು ಅಂತ ಏಳು ಜನ ಜಗಳ ಆಡುತ್ತಿದ್ದರು. ಕೌನ್ಸಿಲ್‌ನಲ್ಲಿ ಕೂಗಾಡುತ್ತಿದ್ದರು. ಪತ್ರಿಕೆಗೆ ಸುದ್ದಿ ಸಿಗುತ್ತಿತ್ತು. ಅವರಿಲ್ಲದ ಮೇಲೆ ಎಂಜಿನಿಯರ್, ಶಾಸಕರು ಕೂತು ಪಟ್ಟಿ ಮಾಡಿದರೆ ಆಯಿತು. 2020ರ ಕಾಯ್ದೆಯಲ್ಲಂತೂ ಶಾಸಕರೇ ಅಧ್ಯಕ್ಷರಾಗುವ ಕ್ಷೇತ್ರ ಮಟ್ಟದ ಸಮಾಲೋಚನಾ ಸಮಿತಿ ಅಂತ ಬರೆದೇಬಿಟ್ಟರು.

ಇನ್ನೊಂದು ಕಾರಣ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇವತ್ತಿನ ಚುರುಕಾದ ಕಾರ್ಪೊರೇಟರ್ ನಾಳೆ ಅದೇ ಕ್ಷೇತ್ರಕ್ಕೆ ಟಿಕೆಟ್ ಕೇಳುತ್ತಾನೆ. ನಮ್ಮ ಎಷ್ಟೋ ಶಾಸಕರು ಪಾಲಿಕೆಯಿಂದಲೇ ಮೇಲೆ ಬಂದವರು. ತಾವು ಹತ್ತಿದ ಏಣಿ ಅವರಿಗೆ ಚೆನ್ನಾಗಿ ಗೊತ್ತು.

ಐಟಿಪಿಎಲ್ ಬಸ್
ಓಹೋ. ಹಾಗಿದ್ದರೆ ಬಜೆಟ್ ಮಂಡಿಸಿದ್ದು ಯಾರು ಇಷ್ಟು ವರ್ಷ?

ವಾರ್ಡ್ ಸಭೆ
ಅಧಿಕಾರಿಗಳು. 2025-26ರ ಬಿಬಿಎಂಪಿ ಬಜೆಟ್ ಸುಮಾರು ₹19,900 ಕೋಟಿ. ಅಷ್ಟು ದೊಡ್ಡ ಮೊತ್ತದ ಮೇಲೆ ಚರ್ಚೆ ಮಾಡಲು, ಬೇಡ ಅನ್ನಲು, ತಿದ್ದಲು ಚುನಾಯಿತರಾದ ಒಬ್ಬನೇ ಒಬ್ಬ ಸದಸ್ಯ ಇರಲಿಲ್ಲ. ಕಸದ ಶುಲ್ಕ ಆಸ್ತಿ ತೆರಿಗೆ ಜೊತೆ ಬಂತಲ್ಲ 2025ರ ಏಪ್ರಿಲ್‌ನಿಂದ, ಅದೂ ಹಾಗೆಯೇ ಬಂತು. ಶುಲ್ಕ ಸರಿಯೋ ತಪ್ಪೋ ಬೇರೆ ಮಾತು, ನನ್ನ ಪ್ರಕಾರ ಕಸಕ್ಕೆ ದುಡ್ಡು ಕೊಡಲೇಬೇಕು, ಆದರೆ ಅದಕ್ಕೆ ಕೈ ಎತ್ತಿದವರು ಯಾರು ಅಂತ ಕೇಳಿದರೆ ತೋರಿಸಲು ಒಂದು ಮುಖ ಇಲ್ಲ.

ಕೆರೆಕೋಡಿ
2015ನೇ ಇಸವಿ ಫಲಿತಾಂಶದ ಬಗ್ಗೆ ಯಾರೂ ಮಾತಾಡಲಿಲ್ಲ. ಹಿನ್ನೆಲೆ ಅಂದರೆ ಅದೂ ಬರಬೇಕು. 198ರಲ್ಲಿ ಬಿಜೆಪಿಗೆ 100, ಕಾಂಗ್ರೆಸ್‌ಗೆ 76, ಜೆಡಿಎಸ್‌ಗೆ 14, ಪಕ್ಷೇತರರು 8. ಜನ ಬಹುಮತ ಕೊಟ್ಟದ್ದು ಒಬ್ಬರಿಗೆ, ಮೇಯರ್ ಆಗಿದ್ದು ಇನ್ನೊಬ್ಬರು.

ಮಾಗಡಿ ರಸ್ತೆ
ಕಾನೂನು ಪ್ರಕಾರವೇ ಆಗಿದ್ದು. ಶಾಸಕರು, ಸಂಸದರು, ಎಂಎಲ್‌ಸಿಗಳಿಗೂ ಮೇಯರ್ ಚುನಾವಣೆಯಲ್ಲಿ ಮತ ಇತ್ತು. ಕಾಂಗ್ರೆಸ್, ಜೆಡಿಎಸ್, ಪಕ್ಷೇತರರು ಸೇರಿದರು. 2019ರಲ್ಲಿ ಅದೇ ಕೌನ್ಸಿಲ್‌ನಲ್ಲಿ ನಿಮ್ಮವರು ಮೇಯರ್ ಆದಾಗ ನಿಮಗೆ ಏನೂ ಅನ್ನಿಸಲಿಲ್ಲ ಅಲ್ವಾ? ರಾಜ್ಯದಲ್ಲಿ ಸರ್ಕಾರ ಬಿದ್ದಿತು, ಎರಡು ತಿಂಗಳಲ್ಲಿ ಪಾಲಿಕೆಯಲ್ಲೂ ಗಾಳಿ ಬದಲಾಯಿತು.

ಕಂದಾಯ ಬಡಾವಣೆ
ಇಬ್ಬರೂ ಮತ್ತೆ ಸರಿ, ನನಗೆ ಸುಸ್ತಾಗುತ್ತಿದೆ.

ಆದರೆ ಈ 2015ರ ಪಾಠ ಈ ಸಲ ತುಂಬಾ ಮುಖ್ಯ. ಆಗ ಒಂದೇ ದೊಡ್ಡ ಪಾಲಿಕೆ. ಈಗ ಐದು. ಪಶ್ಚಿಮದಲ್ಲಿ 112 ವಾರ್ಡ್, ಉತ್ತರ ಮತ್ತು ದಕ್ಷಿಣದಲ್ಲಿ ತಲಾ 72, ಕೇಂದ್ರದಲ್ಲಿ 63, ಪೂರ್ವದಲ್ಲಿ 50. ಒಟ್ಟು 369. 2025ರ ನವೆಂಬರ್‌ನಲ್ಲಿ ಅಂತಿಮ ಪಟ್ಟಿ ಬಂತು. 50 ವಾರ್ಡ್‌ನ ಪಾಲಿಕೆಯಲ್ಲಿ 26 ಬಂದರೆ ಬಹುಮತ. ಅಂಥ ಕಡೆ ನಾಲ್ಕೈದು ಪಕ್ಷೇತರರು ಗೆದ್ದರೆ ಅವರೇ ರಾಜರು. ಜೊತೆಗೆ ಐದು ಮೇಯರ್, ಐದು ಉಪಮೇಯರ್, ಪ್ರತಿ ಪಾಲಿಕೆಗೂ ಸ್ಥಾಯಿ ಸಮಿತಿಗಳು. ಎಲ್ಲ ಪಕ್ಷದಲ್ಲೂ ಕೂತು ಕೂತು ಬೇಸತ್ತ ಎರಡನೇ ಸಾಲಿನ ನಾಯಕರು ಎಷ್ಟು ಜನ ಇದ್ದಾರೆ ಯೋಚನೆ ಮಾಡಿ. ಪಾಲಿಕೆ ಒಡೆದದ್ದಕ್ಕೆ ಹೊರಗೆ ಎಷ್ಟು ವಿರೋಧ ಕೇಳಿಸಿತೋ ಒಳಗೆ ಅಷ್ಟು ಇರಲಿಲ್ಲ ಅಂತ ನನ್ನ ಅನುಮಾನ. ಕುರ್ಚಿ ಐದು ಪಟ್ಟಾಯಿತಲ್ಲ.

ಹಳೇಪೇಟೆ
ಇದೇ ಬೇಕಿತ್ತು. ಈಗ ಜಿಬಿಎ ಬಗ್ಗೆ ಯಾರಾದರೂ ಹೇಳಿ. ಐದು ಪಾಲಿಕೆ ಮಾಡಿದರು ಸರಿ, ಮೇಲೊಂದು ಪ್ರಾಧಿಕಾರ ಯಾಕೆ? ಯಾರು ಯಾರ ಮಾತು ಕೇಳಬೇಕು?

ವಾರ್ಡ್ ಸಭೆ
ಗ್ರೇಟರ್ ಬೆಂಗಳೂರು ಆಡಳಿತ ಮಸೂದೆ 2024ರ ಜುಲೈನಲ್ಲಿ ಸದನಕ್ಕೆ ಬಂತು. ಜಂಟಿ ಪರಿಶೀಲನಾ ಸಮಿತಿಗೆ ಹೋಯಿತು. 2025ರ ಮಾರ್ಚ್‌ನಲ್ಲಿ ಎರಡೂ ಸದನದಲ್ಲಿ ಪಾಸಾಯಿತು. ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿದರು, ಏಪ್ರಿಲ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಮೇ 15ರಿಂದ ಜಾರಿ. ಸೆಪ್ಟೆಂಬರ್ 2, 2025ಕ್ಕೆ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು.

ಮೇಲಿರುವ ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು. ಬೆಂಗಳೂರು ಅಭಿವೃದ್ಧಿ ಸಚಿವರು ಉಪಾಧ್ಯಕ್ಷರು. ಮಂತ್ರಿಗಳು, ಶಾಸಕರು, ಸಂಸದರು, ಮೇಯರ್‌ಗಳು, ಬಿಡಿಎ, ಜಲಮಂಡಳಿ, ಮೆಟ್ರೊ, ಬಿಎಂಟಿಸಿ ಥರದ ಸಂಸ್ಥೆಗಳ ಮುಖ್ಯಸ್ಥರು ಎಲ್ಲ ಅದರೊಳಗೆ. ಇದರ ಪರವಾಗಿ ಹೇಳುವ ಮಾತನ್ನೂ ಹೇಳಬೇಕು: ರಸ್ತೆ ಹಾಕಿದ ಮೇಲೆ ಜಲಮಂಡಳಿ ಅಗೆಯುತ್ತದೆ, ಮುಚ್ಚಿದ ಮೇಲೆ ಬೆಸ್ಕಾಂ ಅಗೆಯುತ್ತದೆ, ಎಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸುವವರು ಯಾರೂ ಇರಲಿಲ್ಲ. ಹಳೆಯ ಮೇಯರ್ ಕರೆದರೆ ಆ ಸಂಸ್ಥೆಗಳ ಮುಖ್ಯಸ್ಥರು ಬರಬೇಕಾಗಿರಲಿಲ್ಲ. ಮುಖ್ಯಮಂತ್ರಿ ಕರೆದರೆ ಬರುತ್ತಾರೆ.

ವಿರೋಧದ ಮಾತು ಏನೆಂದರೆ, ಹೀಗೆ ಮಾಡಿದರೆ ಊರಿನ ದೊಡ್ಡ ತೀರ್ಮಾನ ಎಲ್ಲ ರಾಜ್ಯ ಸರ್ಕಾರದ್ದೇ ಆಗುತ್ತದೆ, ಪಾಲಿಕೆ ಕಸ ಗುಡಿಸಲು ಮಾತ್ರ ಉಳಿಯುತ್ತದೆ, 74ನೇ ತಿದ್ದುಪಡಿಯ ಉದ್ದೇಶವೇ ಇದಕ್ಕೆ ವಿರುದ್ಧ ಅಂತ. ಇದೇ ವಾದ ಇಟ್ಟುಕೊಂಡು ಹೈಕೋರ್ಟ್‌ಗೂ ಹೋಗಿದ್ದಾರೆ.

ನನ್ನ ನಿಲುವು ಎರಡನೆಯದ್ದಕ್ಕೆ ಹತ್ತಿರ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆ ಅಂತಾರೆ, ಸಾವಿರಾರು ಕೋಟಿಯ ಯೋಜನೆ. ಲಾಲ್‌ಬಾಗ್ ಹತ್ತಿರ ದಾರಿ ತೆಗೆಯುವ ಮಾತಿಗೆ ಎಷ್ಟು ಗಲಾಟೆ ಆಯಿತು ನೋಡಿದಿರಿ. ಅದರ ಪರ ಇರಿ, ವಿರೋಧ ಇರಿ. ಆದರೆ ಈ ಊರಿನ ಚುನಾಯಿತ ಕೌನ್ಸಿಲ್ ಒಂದು ದಿನವೂ ಅದನ್ನು ಚರ್ಚೆ ಮಾಡಿಲ್ಲ. ಮಾಡಲು ಕೌನ್ಸಿಲ್ಲೇ ಇರಲಿಲ್ಲ. ಈಗ ಕೌನ್ಸಿಲ್ ಬಂದ ಮೇಲೂ ಅಂಥ ಯೋಜನೆ ಅವರ ಮುಂದೆ ಬರುತ್ತದಾ?

ಮಾಗಡಿ ರಸ್ತೆ
ಒಂದು ಕೋಟಿ ದಾಟಿದ ಊರನ್ನು ಒಬ್ಬ ಕಮಿಷನರ್, ಒಬ್ಬ ಮೇಯರ್ ನಡೆಸಬೇಕು ಅನ್ನುವುದೇ ತಪ್ಪಾಗಿತ್ತು. 198 ವಾರ್ಡ್ ಇದ್ದಾಗ 2011ರ ಜನಗಣತಿ ಲೆಕ್ಕದಲ್ಲೇ ಒಂದು ವಾರ್ಡ್‌ಗೆ ಸರಾಸರಿ 42 ಸಾವಿರಕ್ಕೂ ಜಾಸ್ತಿ ಜನ. ಈಗ ಅದೇ ಲೆಕ್ಕದಲ್ಲಿ ಸುಮಾರು 23 ಸಾವಿರ. ಕಾರ್ಪೊರೇಟರ್ ಕೈಗೆ ಸಿಗುತ್ತಾನೆ. ಇದು ಸಣ್ಣ ಮಾತಲ್ಲ. ಒಡೆಯಬೇಕು ಅನ್ನುವ ಯೋಚನೆಯೂ ರಾತ್ರೋರಾತ್ರಿ ಹುಟ್ಟಿದ್ದಲ್ಲ. ಸರ್ಕಾರ ನೇಮಿಸಿದ್ದ ಬಿ.ಎಸ್. ಪಾಟೀಲ್ ಸಮಿತಿ 2015ರ ಕಾಲದಿಂದಲೂ ಇದರ ಮೇಲೆ ಕೆಲಸ ಮಾಡಿದೆ.

ಐಟಿಪಿಎಲ್ ಬಸ್
2011ರ ಲೆಕ್ಕ ಅಂದರೆ ನಮ್ಮ ಕಡೆ ಅದು ಬೇರೆ ಊರು. ಆಗ ಖಾಲಿ ಇದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್ ಸಾಲು. ಕಾಗದದ ಮೇಲೆ 23 ಸಾವಿರ ಇರುವ ವಾರ್ಡ್‌ನಲ್ಲಿ ನಿಜವಾಗಿ ಎಷ್ಟು ಜನ ಇದ್ದಾರೋ ದೇವರೇ ಬಲ್ಲ.

ಕಂದಾಯ ಬಡಾವಣೆ
ಇದು ಒಳ್ಳೆಯ ಮಾತು. ಹೊರವಲಯದ ವಾರ್ಡ್‌ಗಳಿಗೆ ಇದರಿಂದ ನಷ್ಟ. ಒಳಗಿನ ಹಳೆಯ ಬಡಾವಣೆಗಳಲ್ಲಿ ಜನಸಂಖ್ಯೆ ಅಷ್ಟಾಗಿ ಏರಿಲ್ಲ, ಹೊರಗೆ ಸಿಕ್ಕಾಪಟ್ಟೆ ಏರಿದೆ, ಆದರೆ ವಾರ್ಡ್ ಹಂಚಿದ್ದು ಹಳೆಯ ತಲೆ ಎಣಿಕೆಯ ಮೇಲೆ. ಮಹದೇವಪುರ, ಕೆ.ಆರ್.ಪುರ ಇರುವ ಪೂರ್ವಕ್ಕೆ 50, ಪಶ್ಚಿಮಕ್ಕೆ 112 ಆದದ್ದರ ಹಿಂದೆ ಇದೂ ಒಂದು ಕಾರಣ.

ದುಡ್ಡು ಮಾತ್ರ ಉಲ್ಟಾ. ಐಟಿ ಪಾರ್ಕ್‌ಗಳು, ದೊಡ್ಡ ಕಚೇರಿಗಳು ಪೂರ್ವದಲ್ಲಿವೆ, ಆಸ್ತಿ ತೆರಿಗೆ ಅಲ್ಲಿ ಚೆನ್ನಾಗಿ ಬರುತ್ತದೆ. ಹಳೆಯ ಮನೆ, ಸಣ್ಣ ಸೈಟ್ ಜಾಸ್ತಿ ಇರುವ ಕಡೆ ಅಷ್ಟು ಬರುವುದಿಲ್ಲ. ಒಂದೇ ಪಾಲಿಕೆ ಇದ್ದಾಗ ಒಂದು ಕಡೆಯ ದುಡ್ಡು ಇನ್ನೊಂದು ಕಡೆ ಹರಿಯುತ್ತಿತ್ತು. ಈಗ?

ದೆಹಲಿಯನ್ನು ನೋಡಿ. 2012ರಲ್ಲಿ ಅಲ್ಲಿನ ಪಾಲಿಕೆಯನ್ನು ಉತ್ತರ, ದಕ್ಷಿಣ, ಪೂರ್ವ ಅಂತ ಮೂರು ಮಾಡಿದರು. ಕಾರಣವೂ ಇದೇ, ಸಣ್ಣದಾದರೆ ಆಡಳಿತ ಚುರುಕು ಅಂತ. ದಕ್ಷಿಣಕ್ಕೆ ಆದಾಯ ಚೆನ್ನಾಗಿತ್ತು. ಪೂರ್ವ, ಉತ್ತರದಲ್ಲಿ ಪೌರಕಾರ್ಮಿಕರ ಸಂಬಳಕ್ಕೇ ದುಡ್ಡಿಲ್ಲದೆ ಮುಷ್ಕರ ನಡೆದು ಬೀದಿಯಲ್ಲಿ ಕಸ ರಾಶಿ ಬಿತ್ತು. 2022ರಲ್ಲಿ ಮೂರನ್ನೂ ಸೇರಿಸಿ ಮತ್ತೆ ಒಂದು ಮಾಡಿದರು. ಆ ಚುನಾವಣೆಯೂ ಅದೇ ಕಾರಣಕ್ಕೆ ಕೆಲವು ತಿಂಗಳು ಮುಂದೆ ಹೋಯಿತು, ಅದು ಬೇರೆ ಮಾತು.

ನಮ್ಮಲ್ಲಿ ಮೇಲೆ ಪ್ರಾಧಿಕಾರ ಇದೆ, ಸರ್ಕಾರ ಅನುದಾನ ಕೊಟ್ಟು ಸರಿದೂಗಿಸುತ್ತದೆ ಅನ್ನುತ್ತಾರೆ. ಕೊಡಬಹುದು. ಆದರೆ ಬಡ ಪಾಲಿಕೆಯ ಮೇಯರ್ ಪ್ರತಿ ವರ್ಷ ವಿಧಾನಸೌಧದ ಮುಂದೆ ಕೈ ಚಾಚಬೇಕು. ಅವನು ವಿರೋಧ ಪಕ್ಷದವನಾಗಿದ್ದರೆ?

ಸುಮ್ನೆ ಒಂದು ಮಾತು
ಆಗ ಅವನು ಪಕ್ಷ ಬದಲಾಯಿಸುತ್ತಾನೆ. ಸಮಸ್ಯೆ ಪರಿಹಾರ.

ಕೆರೆಕೋಡಿ
ಈಗ ಓಟಿನ ಲೆಕ್ಕಕ್ಕೆ ಬರೋಣ. 2023ರ ವಿಧಾನಸಭೆಯಲ್ಲಿ ರಾಜ್ಯ ಪೂರ್ತಿ ಕಾಂಗ್ರೆಸ್ ಕಡೆ ವಾಲಿದರೂ ಬೆಂಗಳೂರಿನ 28ರಲ್ಲಿ ಜಾಸ್ತಿ ಸೀಟು ಬಿಜೆಪಿಗೇ ಬಂತು. ಜಯನಗರದಲ್ಲಿ ಬರೀ 16 ವೋಟಿನ ಅಂತರ. 2024ರ ಲೋಕಸಭೆಯಲ್ಲಿ ಉತ್ತರ, ಕೇಂದ್ರ, ದಕ್ಷಿಣ ಮೂರೂ ಬಿಜೆಪಿಗೆ. ಗ್ರಾಮಾಂತರದಲ್ಲಿ ಡಿ.ಕೆ. ಸುರೇಶ್ ಅವರೇ ಡಾ. ಸಿ.ಎನ್. ಮಂಜುನಾಥ್ ಎದುರು ಸೋತರು. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ ಬೆಂಗಳೂರು ಅಭಿವೃದ್ಧಿ ಸಚಿವರು. ಹಾಗಾಗಿ ಈ ಐದು ಪಾಲಿಕೆ ಪ್ರಯೋಗ ಗೆಲ್ಲುವುದು ಬಿಡುವುದು ಅವರ ಮರ್ಯಾದೆ ಪ್ರಶ್ನೆ. ಒಂದು ಬೆಂಗಳೂರು ಗೆಲ್ಲಲು ಆಗದಿದ್ದರೆ ಐದರಲ್ಲಿ ಎರಡು ಮೂರಾದರೂ ಗೆಲ್ಲೋಣ ಅಂತ ಗೆರೆ ಎಳೆದಿದ್ದಾರೆ ಅಂತ ನಮ್ಮ ಕಡೆ ಹೇಳುತ್ತಾರೆ.

ಮಾಗಡಿ ರಸ್ತೆ
ನಿಮ್ಮ ಕಡೆ ಹೇಳುವುದು ಬಿಡಿ. ನಿಮ್ಮ ಮೈತ್ರಿ ಏನಾಗುತ್ತದೆ ಅದನ್ನು ಹೇಳಿ. ಲೋಕಸಭೆಗೆ ಜೆಡಿಎಸ್ ಜೊತೆ ಸೀಟು ಹಂಚಿಕೊಳ್ಳುವುದು ಸುಲಭ. 369 ವಾರ್ಡ್‌ನಲ್ಲಿ ಹಂಚಿಕೊಳ್ಳಿ ನೋಡೋಣ. ಒಂದು ವಾರ್ಡ್ ಬಿಟ್ಟುಕೊಟ್ಟರೆ ಅಲ್ಲಿನ ಕಾರ್ಯಕರ್ತ ಮರುದಿನವೇ ಪಕ್ಷೇತರ.

ವಾರ್ಡ್ ಸಭೆ
ಆ ಮಾತು ಕಾಂಗ್ರೆಸ್‌ಗೂ ಅನ್ವಯಿಸುತ್ತದೆ ಬಿಡಿ. ಇಷ್ಟು ವರ್ಷ ಕಾದವರು ಈ ಸಲ ಟಿಕೆಟ್ ಸಿಗದಿದ್ದರೆ ಸುಮ್ಮನೆ ಕೂರುವುದಿಲ್ಲ. ಮೇಲಾಗಿ ಮೀಸಲಾತಿ. ಅರ್ಧ ಸೀಟು ಮಹಿಳೆಯರಿಗೆ. ಪರಿಶಿಷ್ಟ ಜಾತಿ, ಪಂಗಡಕ್ಕೆ ಜನಸಂಖ್ಯೆಯ ಲೆಕ್ಕ. ಹಿಂದುಳಿದ ವರ್ಗ 'ಎ' ಮತ್ತು 'ಬಿ' ಬೇರೆ. ವರ್ಷಗಟ್ಟಲೆ ಒಂದು ಏರಿಯಾದಲ್ಲಿ ಓಡಾಡಿ, ಸಾವು ಮದುವೆ ಎಲ್ಲ ಹೋಗಿ, ಕೊನೆಗೆ ವಾರ್ಡ್ ಬೇರೆ ವರ್ಗಕ್ಕೆ ಹೋದರೆ ಪಕ್ಕದ ವಾರ್ಡ್‌ಗೆ ಜಿಗಿಯಬೇಕು, ಇಲ್ಲವೇ ಹೆಂಡತಿಯ ಹೆಸರು ಫ್ಲೆಕ್ಸ್ ಮೇಲೆ ಬರಬೇಕು.

ಹಾಗಂತ ಮಹಿಳಾ ಮೀಸಲಾತಿಯನ್ನು ಬರೀ 'ಗಂಡನ ರಾಜಕೀಯ' ಅಂತ ತಳ್ಳಿಹಾಕುವವರ ಜೊತೆ ನಾನಿಲ್ಲ. 2015ರ ಕೌನ್ಸಿಲ್‌ನ ಐದು ಮೇಯರ್‌ಗಳಲ್ಲಿ ಜಿ. ಪದ್ಮಾವತಿ, ಗಂಗಾಂಬಿಕೆ ಮಲ್ಲಿಕಾರ್ಜುನ್ ಇದ್ದರು. ವಾರ್ಡ್ ಸಭೆಗಳಲ್ಲಿ ಪೈಪು, ಯುಜಿಡಿ (ಒಳಚರಂಡಿ), ಅಂಗನವಾಡಿ ಬಗ್ಗೆ ಗಟ್ಟಿಯಾಗಿ ಮಾತಾಡಿದ ಹೆಂಗಸರನ್ನು ನಾನು ನೋಡಿದ್ದೇನೆ. ಗಂಡ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದ.

ಇನ್ನೊಂದು. ಹಿಂದೆ ಮೇಯರ್ ಅವಧಿ ಒಂದೇ ವರ್ಷ. ಗೌನು ಹಾಕಿಕೊಂಡು ಸನ್ಮಾನ ಮುಗಿಸುವ ಹೊತ್ತಿಗೆ ಅರ್ಧ ವರ್ಷ ಹೋಗುತ್ತಿತ್ತು. ಈಗ ಎರಡೂವರೆ ವರ್ಷ. ಕಾಯ್ದೆಯಲ್ಲಿ ನನಗೆ ಒಪ್ಪಿಗೆಯಾದ ಅಂಶಗಳಲ್ಲಿ ಇದೂ ಒಂದು.

ಐಟಿಪಿಎಲ್ ಬಸ್
ಬ್ಯಾಲೆಟ್ ಪೇಪರ್ ವಿಷಯ ಏನು? ಮತ್ತೆ ಹಿಂದಕ್ಕೆ ಹೋಗುವುದಾ?

ಮಾಗಡಿ ರಸ್ತೆ
2025ರ ಆಗಸ್ಟ್‌ನಲ್ಲಿ ರಾಹುಲ್ ಗಾಂಧಿ ಮಹದೇವಪುರದ ಮತದಾರರ ಪಟ್ಟಿಯಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಮತಗಳ ಮೋಸ ಆಗಿದೆ ಅಂತ ಆರೋಪ ಮಾಡಿದರು. 2024ರ ಲೋಕಸಭೆಯಲ್ಲಿ ಆ ಒಂದು ವಿಧಾನಸಭಾ ಕ್ಷೇತ್ರದಲ್ಲೇ ಬಿಜೆಪಿಗೆ 1.14 ಲಕ್ಷ ಲೀಡ್ ಬಂದಿತ್ತು, ಅದು ಸೇರಿರುವ ಬೆಂಗಳೂರು ಕೇಂದ್ರ ಕ್ಷೇತ್ರದ ಒಟ್ಟು ಗೆಲುವಿನ ಅಂತರ 32,707. ಅದಾದ ಮೇಲೆ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಸ್ಥಳೀಯ ಚುನಾವಣೆಗೆ ಮತಪತ್ರ ಬಳಸಿ ಅಂತ ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡಿತು.

ಕೆರೆಕೋಡಿ
ಆ ಆರೋಪವನ್ನು ಚುನಾವಣಾ ಆಯೋಗ ತಳ್ಳಿಹಾಕಿದ್ದನ್ನೂ ಹೇಳಿ. 2023ರಲ್ಲಿ 135 ಸೀಟು ಗೆದ್ದಾಗ ಅದೇ ಇವಿಎಂ ಚೆನ್ನಾಗಿತ್ತು.

ಕಂದಾಯ ಬಡಾವಣೆ
ಇದರಲ್ಲಿ ಒಂದು ಗೊಂದಲ ಬಿಡಿಸುತ್ತೇನೆ. ಪಾಲಿಕೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಲೋಕಸಭೆ, ವಿಧಾನಸಭೆ ನಡೆಸುವುದು ಭಾರತ ಚುನಾವಣಾ ಆಯೋಗ. ಎರಡೂ ಬೇರೆ ಬೇರೆ ಸಂಸ್ಥೆ. ಮಹದೇವಪುರದ ಆರೋಪ ಇದ್ದದ್ದು ಪಟ್ಟಿಯ ಬಗ್ಗೆ, ಒಂದೇ ವಿಳಾಸದಲ್ಲಿ ಎಷ್ಟೋ ಹೆಸರು, ಎರಡೆರಡು ಕಡೆ ಹೆಸರು ಅಂತ. ಪಟ್ಟಿ ಕೆಟ್ಟಿದ್ದರೆ ಮತಪತ್ರ ತಂದರೂ ಅದೇ ಕೆಟ್ಟ ಪಟ್ಟಿಯ ಮೇಲೆಯೇ ವೋಟು ಬೀಳುತ್ತದೆ. ಹಾಗಾಗಿ ಎರಡೂ ಕಡೆಯವರು ಪೇಪರ್ರೋ ಮಷಿನ್ನೋ ಅಂತ ಕಿರುಚುವ ಬದಲು ಪಟ್ಟಿ ಹಿಡಿದು ಮನೆ ಮನೆ ಹೋಗಲಿ. ವಾರ್ಡ್ ಗಡಿ ಬದಲಾದಾಗ ಹೆಸರು ಪಕ್ಕದ ವಾರ್ಡ್‌ಗೆ ಹಾರುವುದು ಮಾಮೂಲು. ಸಣ್ಣ ವಾರ್ಡ್‌ನಲ್ಲಿ ಇನ್ನೂರು ಹೆಸರು ಆಚೀಚೆ ಆದರೆ ಫಲಿತಾಂಶವೇ ಬದಲಾಗುತ್ತದೆ.

ಲೆಕ್ಕ ಹಾಕಿ. 23 ಸಾವಿರ ಜನ ಅಂದರೆ ಮತದಾರರು ಹದಿನೈದು ಹದಿನಾರು ಸಾವಿರ ಅಂತಿಟ್ಟುಕೊಳ್ಳಿ. 2010ರಲ್ಲೂ 2015ರಲ್ಲೂ ಅರ್ಧದಷ್ಟು ಮತದಾನವೂ ಆಗಿರಲಿಲ್ಲ. ಅಂದರೆ ಬೂತ್‌ಗೆ ಬರುವವರು ಏಳೆಂಟು ಸಾವಿರ. ಮೂರು ನಾಲ್ಕು ಅಭ್ಯರ್ಥಿ ಹಂಚಿಕೊಂಡರೆ ಮೂರು ಸಾವಿರ ವೋಟು ತೆಗೆದುಕೊಂಡವನು ಗೆದ್ದ. ನಾಲ್ಕು ದೊಡ್ಡ ಅಪಾರ್ಟ್‌ಮೆಂಟ್ ಮನಸ್ಸು ಮಾಡಿದರೆ ಒಬ್ಬ ಕಾರ್ಪೊರೇಟರ್ ತಯಾರು. ಇದುವರೆಗೆ ಅವರು ಮನಸ್ಸು ಮಾಡಿಲ್ಲ, ಶನಿವಾರ ರಾತ್ರಿಯೇ ಊರಿಗೆ ಹೊರಡುತ್ತಾರೆ.

ಐಟಿಪಿಎಲ್ ಬಸ್
ಏಟು ಬಿತ್ತು ನನಗೆ. ಆದರೆ ನಮ್ಮಲ್ಲಿ ಜಾಸ್ತಿ ಜನ ಹೇಳುವುದು ಏನಂದರೆ, ಕಾರ್ಪೊರೇಟರ್ ಇಲ್ಲದೆಯೂ ಐದು ವರ್ಷ ಕಸ ಹೋಯಿತು, ನೀರು ಬಂತು. ಇದ್ದಾಗ ಏನು ಸ್ವರ್ಗ ಇತ್ತಾ? ಮನೆ ಕಟ್ಟುವಾಗ ಬಂದು ನಿಲ್ಲುತ್ತಿದ್ದರು ಅಷ್ಟೇ.

ವಾರ್ಡ್ ಸಭೆ
ಕಸ ಹೋಯಿತು, ನೀರು ಬಂತು ಅನ್ನುವುದು ಎಲ್ಲ ಏರಿಯಾಗೂ ಅನ್ವಯಿಸುವುದಿಲ್ಲ ಅಂತ ಮಾತ್ರ ಹೇಳುತ್ತೇನೆ. 2024ರ ಬೇಸಿಗೆ ಮರೆತಿರಾ? ಟ್ಯಾಂಕರ್ ಹಿಂದೆ ಓಡಿದವರು ಯಾರನ್ನು ಕೇಳಬೇಕಿತ್ತು? ಅಪಾರ್ಟ್‌ಮೆಂಟ್ ಸಂಘಕ್ಕೆ ದೊಡ್ಡ ಅಧಿಕಾರಿಯ ನಂಬರ್ ಸಿಗುತ್ತದೆ. ಸ್ಲಂನಲ್ಲಿ ಇರುವವರಿಗೆ ಸಿಗುವುದು ಕಾರ್ಪೊರೇಟರ್ ಮನೆ ಬಾಗಿಲು ಮಾತ್ರ. ಅವನು ಒಳ್ಳೆಯವನೋ ಕೆಟ್ಟವನೋ, ಬೆಳಿಗ್ಗೆ ಏಳು ಗಂಟೆಗೆ ಹೋಗಿ ನಿಂತರೆ ಹೊರಗೆ ಬರಲೇಬೇಕು. ಮುಂದಿನ ಸಲ ಓಟು ಬೇಕಲ್ಲ.

ಲಂಚದ ಮಾತು ನಿಜ, ನಾನು ಅಲ್ಲಗಳೆಯುವುದಿಲ್ಲ. ಆದರೆ ಆಡಳಿತಾಧಿಕಾರಿ ಕಾಲದಲ್ಲಿ ಲಂಚ ನಿಂತಿತು ಅಂತ ಯಾರಾದರೂ ಎದೆ ಮುಟ್ಟಿ ಹೇಳಲಿ.

ಹಳೇಪೇಟೆ
ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಸಿಕ್ಕಿತು. ಹಾಗಾದರೆ ಮನೆ ಬಾಗಿಲಿಗೆ ಬರುವ ಅಭ್ಯರ್ಥಿಯನ್ನು ಏನು ಕೇಳಬೇಕು? ರಸ್ತೆ ಗುಂಡಿ ಮುಚ್ಚುತ್ತೀರಾ ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ.

ಕಂದಾಯ ಬಡಾವಣೆ
ನಾನು ಕೇಳುವುದು ಇಷ್ಟು. ಜಿಬಿಎ ಸಭೆಯಲ್ಲಿ ನಿಮ್ಮ ವಾರ್ಡ್‌ನ ಮೇಲೆ ಹೋಗುವ ಯೋಜನೆ ಬಂದರೆ, ಅದು ನಿಮ್ಮ ಪಕ್ಷದ್ದೇ ಆದರೂ, ಕೌನ್ಸಿಲ್‌ನಲ್ಲಿ ಚರ್ಚೆಗೆ ಇಡಿ ಅಂತ ಪತ್ರ ಬರೆಯುತ್ತೀರಾ? ವಾರ್ಡ್ ಸಮಿತಿ ಸಭೆಯನ್ನು ಪ್ರತಿ ತಿಂಗಳು ಕರೆದು ನಡಾವಳಿ ಹೊರಗೆ ಹಾಕುತ್ತೀರಾ? ನಿಮ್ಮ ಪಾಲಿಕೆಗೆ ಎಷ್ಟು ಆಸ್ತಿ ತೆರಿಗೆ ಬರುತ್ತದೆ, ಸಂಬಳಕ್ಕೆ ಎಷ್ಟು ಹೋಗುತ್ತದೆ ಗೊತ್ತಾ? ಮೂರನೆಯದ್ದಕ್ಕೆ ಉತ್ತರ ಕೊಟ್ಟವನು ಯಾವ ಪಕ್ಷದವನಾದರೂ ನಾನು ಕಾಫಿ ಕೊಟ್ಟು ಕೂರಿಸುತ್ತೇನೆ.

ಮಾಗಡಿ ರಸ್ತೆ
ಇನ್ನೊಂದು ಸೇರಿಸಿ, ಬಿ ಖಾತಾ, ಅಂದರೆ ಪೂರ್ತಿ ಕಾನೂನು ಅನುಮೋದನೆ ಇಲ್ಲದ ಆಸ್ತಿಗೆ ಪಾಲಿಕೆ ಕೊಡುವ ದಾಖಲೆ. ಎ ಖಾತಾ ಮಾಡಿಕೊಡುತ್ತೇವೆ, ಇ-ಖಾತಾ ಮನೆಗೆ ತಂದು ಕೊಡುತ್ತೇವೆ ಅಂತ ಸರ್ಕಾರ ಹೇಳಿದೆ. ಹೊರವಲಯದ ವಾರ್ಡ್‌ಗಳಲ್ಲಿ ಈ ಚುನಾವಣೆ ಪೂರ್ತಿ ಅದರ ಮೇಲೆ ನಡೆಯುತ್ತದೆ, ಬರೆದಿಟ್ಟುಕೊಳ್ಳಿ. ಜಿಬಿಎ, 74ನೇ ತಿದ್ದುಪಡಿ ಎಲ್ಲ ನಮ್ಮಂಥವರ ಹರಟೆ.

ಕೆರೆಕೋಡಿ
ಇದಕ್ಕೆ ಮಾತ್ರ ನಿಮ್ಮ ಮಾತಿಗೆ ನನ್ನ ಒಪ್ಪಿಗೆ ಇದೆ. ಜೊತೆಗೆ ಕಸದ ಶುಲ್ಕ, ನೀರಿನ ದರ, ಮೆಟ್ರೊ ದರ. ಮೂರೂ ಏರಿದ್ದು 2025ರ ಒಂದೇ ವರ್ಷದಲ್ಲಿ. ನಮ್ಮವರು ಅದನ್ನೇ ಹಿಡಿದು ಬರುತ್ತಾರೆ.

ಮಾಗಡಿ ರಸ್ತೆ
ಮೆಟ್ರೊ ದರ ನಿಗದಿ ಸಮಿತಿ ನೇಮಿಸಿದ್ದು ಕೇಂದ್ರ ಸರ್ಕಾರ.

ಕೆರೆಕೋಡಿ
ಸಮಿತಿ ಮಾಡಿ ಅಂತ ಕೇಳಿದ್ದು ಯಾರು?

ಹಳೇಪೇಟೆ
ಇಬ್ಬರೂ ಮೆಟ್ರೊಗೆ ಬೇರೆ ಎಳೆ ಶುರು ಮಾಡಿ ದಯವಿಟ್ಟು. ಇಲ್ಲಿ ಒಂದು ಕೊನೆಯ ಪ್ರಶ್ನೆ ಉಳಿದಿದೆ, ನನ್ನ ರಸ್ತೆಯ ಈಚೆ ಬದಿ ಒಂದು ಪಾಲಿಕೆ, ಆಚೆ ಬದಿ ಇನ್ನೊಂದು. ಮಧ್ಯದ ಚರಂಡಿ ಯಾರದ್ದು?

ಸುಮ್ನೆ ಒಂದು ಮಾತು
ಮುಖ್ಯಮಂತ್ರಿಗಳದ್ದು. ಅದಕ್ಕೇ ಪ್ರಾಧಿಕಾರ ಮಾಡಿದ್ದು.